ಹಸಿರು ಬಳಿದ ಗಾಜು

ನಿಜಾಮರ ಆಳಿಕೆಯ ದಿನಗಳವು. ತಾಂಡೂರಿನ ದೇಸಾಯರ ವಾಡೆಯ ಹಿಂದೆ ಒಂದು ಗಾಜಿನ ಮನೆ ಇತ್ತು. ಅದರೊಳಗಿನ ವಿಲಾಯತಿ ಗುಲಾಬಿಗಳನ್ನು ಮಾಲಿ ಮೊಗಲಪ್ಪ ಹನ್ನೆರಡು ವರ್ಷ ಸಾಕಿದ್ದ. ಸೋಮವಾರಕ್ಕೊಂದು ಬುಟ್ಟಿ ಹೂವು ಶಿವನ ತಲೆಗೆ ತಪ್ಪದೆ ಏರುತ್ತಿತ್ತು.

ಆ ವರ್ಷ ವಾಡೆಗೆ ಸೊಸೆ ಬಂದಳು. ಅಲ್ಲಿ ಹೆಂಗಸರಿಗೆ ಗೋಷಾ. ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಮಧ್ಯಾಹ್ನ, ಮಾಲಿ ಕೆಲಸ ಮುಗಿಸಿ ಹೋದ ಮೇಲೆ, ಸೊಸೆ ಹೂವಿನ ನಡುವೆ ಕೂಡಲೆಂದು ದೇಸಾಯರ ತಾಯಿ ಶಕುಂತಲಾಬಾಯಿ ಗಾಜಿಗೆಲ್ಲ ದಟ್ಟ ಹಸಿರು ಬಣ್ಣ ಬಳಿಸಿದರು. ಅಂದಿನಿಂದ ಗಿಡಗಳ ಕಡ್ಡಿ ಉದ್ದವಾಯಿತು, ಎಲೆ ತೆಳುವಾಗಿ ಬಿಳಿಚಿತು, ಮೊಗ್ಗು ಮಾತ್ರ ಒಂದೂ ಕಟ್ಟಲಿಲ್ಲ.

ವಾಡೆಯ ಆಳುಕಾಳು ನೋಡಿಕೊಳ್ಳುವ ಕಾರಭಾರಿ ಬಂಡೆಪ್ಪ ಬಂದು ನಿಂತ. "ಗೊಬ್ಬರ ಗಿಡಕ್ಕ ಹಾಕ್ತೀಯೋ, ನೀನೇ ತಿಂತೀಯೋ? ಶಿವರಾತ್ರಿಗಿ ಹೂ ಬರ್ಲಿಲ್ಲಂದ್ರ ವಾಡೇದ ಗುಡಿಸ್ಲು ಖಾಲಿ ಮಾಡು."

"ಗೊಬ್ಬರದ್ದಲ್ಲರಿ ಅಪ್ಪೋರೇ. ಬೆಳಕು ಬದಲಾಗ್ಯಾದ. ಈ ಹಸಿರು ಬೆಳಕು ಗಿಡಕ್ಕ ದಕ್ಕವಲ್ದು."

"ಎಲಿ ಹಸಿರು, ಬೆಳಕೂ ಹಸಿರು. ಇನ್ನೇನು ಬೇಕಲೇ ಅದಕ್ಕ?"

ಮೊಗಲಪ್ಪನ ಹೆಂಡತಿ ಈಶಮ್ಮ ತುಂಬು ಬಸುರಿ. ಗುಡಿಸಲು ಹೋದರೆ ಹೆರಿಗೆ ಬೀದಿಯಲ್ಲೇ. ತನ್ನ ಮಾತು ನಡೆಯದಿದ್ದರೆ ಹೂವೇ ಹೇಳಲಿ ಎಂದು ಅವನು ಶಿವನನ್ನು ನೆನೆದು, ಮೂಲೆಯ ಒಂದೇ ಒಂದು ಗಾಜಿನ ಬಣ್ಣ ಕೆರೆದು ಅದರ ಬುಡಕ್ಕೆ ಕುಂಡವೊಂದನ್ನು ಇಟ್ಟ. ಶಕುಂತಲಾಬಾಯಿ ಅದನ್ನು ಕಂಡರು, ಕಂಡೂ ಬೇಡವೆನ್ನಲಿಲ್ಲ; ಅದು ಮೊಗಲಪ್ಪನಿಗೂ ತಿಳಿದಿತ್ತು. ಶಿವರಾತ್ರಿಗೆ ಹೂವು ಅವರಿಗೂ ಬೇಕಿತ್ತು.

ಆರು ವಾರದಲ್ಲಿ ಆ ಗಿಡ ಮೋಟಾಗಿ, ಗಟ್ಟಿಯಾಗಿ ಚಿಗುರಿ ಒಂದು ಕೆಂಪು ಹೂವು ಬಿಟ್ಟಿತು. ಮೊಗಲಪ್ಪ ಓಡಿಹೋಗಿ ಬಂಡೆಪ್ಪನನ್ನು ಕರೆತಂದ.

ಬಂಡೆಪ್ಪ ಹೂವನ್ನು ನೋಡಲೇ ಇಲ್ಲ. ಕೆರೆದ ಗಾಜಿಗೆ ಹೊರಗಿನಿಂದ ಕಣ್ಣಿಟ್ಟ. ಸೊಸೆ ಕೂಡುವ ಕುರ್ಚಿ ನೇರವಾಗಿ ಕಾಣುತ್ತಿತ್ತು.

"ಎಷ್ಟು ದಿನದಿಂದ ಇಣಕಾಕ ಹತ್ತೀಲೇ ಇಲ್ಲಿ?"

"ಶಿವನಾಣಿ, ಹೂವಿನ ಸಲುವಾಗಿರಿ! ದೊಡ್ಡವ್ವನವರಿಗಿ ಎಲ್ಲಾ ಗೊತ್ತದ. ಅವರನ್ನೇ ಕೇಳ್ರಿ."

ಬಂಡೆಪ್ಪ ಪಡಸಾಲೆಯ ಪರದೆಯ ಮುಂದೆ ನಿಂತು ಕೇಳಿದ. ಪರದೆಯ ಹಿಂದಿದ್ದ ಶಕುಂತಲಾಬಾಯಿ ಹೌದೆಂದರೆ, ಸೊಸೆಯ ಗೋಷಾ ಮುರಿಯಲು ಬಿಟ್ಟವರು ತಾವೇ ಆಗುತ್ತಿದ್ದರು. ಒಳಗೆ ಬಳೆ ಒಮ್ಮೆ ಸದ್ದಾಗಿ ನಿಂತಿತು. ಮೊಗಲಪ್ಪ ಪರದೆಯತ್ತ ಕೈಮುಗಿದ.

"ನನಗೇನೂ ಗೊತ್ತಿಲ್ಲ," ಎಂದರು ಶಕುಂತಲಾಬಾಯಿ. ಬಂಡೆಪ್ಪನಿಗೆ ಹೇಳಿದರು, "ಹೊತ್ತು ಮುಳುಗೋದ್ರಾಗ ಊರು ಬಿಡ್ಲಿ. ಅವನ ಹೆಂಡ್ತಿ ಬಸುರಿ ಅದಾಳ, ನಾಕು ರೊಟ್ಟಿ ಕಟ್ಟಿ ಕೊಡ್ರಿ."

ಗುಡಿಸಲ ಬಾಗಿಲಲ್ಲಿ ಈಶಮ್ಮ ಸೊಂಟ ಹಿಡಿದು ಕಾಯುತ್ತಿದ್ದಳು. "ಹೂ ನೋಡಿ ಏನಂದ್ರು?"

ಮೊಗಲಪ್ಪ ರೊಟ್ಟಿಯ ಗಂಟನ್ನು ಅವಳ ಕೈಗಿತ್ತು, ಗೂಟದ ಮೇಲಿದ್ದ ಹೊದೆಯುವ ಕೌದಿಯನ್ನು ಮಡಚತೊಡಗಿದ.