ತೋಳಿಗೆ ಕಟ್ಟಿದ ಲಿಂಗ

ಸರ್ವಮಂಗಳಾ ಬಸವಾಪಟ್ಟಣದಲ್ಲಿ ಒದ್ದ ಚೆಂಡು ಸೂಳೆಕೆರೆಯಲ್ಲಿ ಹೋಗಿ ಬೀಳುತ್ತಿತ್ತಂತೆ. ಅಲ್ಲಿ ಬಲೆ ಬಿಟ್ಟು ಕೂತ ಬೆಸ್ತರು ಯಾವುದೋ ತಲೆ ಬೋಳಿಸಿಕೊಂಡ ಮೀನು ಸಿಕ್ಕಿತೆಂದು ಎಳೆದು ನೋಡಿ, ಚೆನ್ನಾಗಿ ಬೈದು, ಬಸ್ ಕಂಡಕ್ಟರನ ಕೈಯಲ್ಲಿ ವಾಪಸು ಕಳಿಸುತ್ತಿದ್ದರಂತೆ. ಊರವರು ಹೇಳುತ್ತಿದ್ದುದು ಹೀಗೆ. ಅವಳನ್ನು ಸಾಕಿದ ಅಜ್ಜಿ ಕಸ್ತೂರಮ್ಮ ಮಾತ್ರ ಮೊಮ್ಮಗಳು ಆಡುವುದನ್ನು ಒಂದು ದಿನವೂ ನೋಡಿರಲಿಲ್ಲ.

ಆಡಲು ಬಿಟ್ಟವಳೂ ಅವಳೇ. ಬಿಡುವಾಗ ಒಂದು ಮಾತು ತೆಗೆದುಕೊಂಡಿದ್ದಳು. "ಕೊಳ್ಳಾಗಿನ ಲಿಂಗ ಮೈ ಬಿಡಂಗಿಲ್ಲ. ಅದು ಮೈ ಬಿಟ್ಟ ದಿನ ನಿನ್ನ ಆಟ ಮುಗೀತು."

ಮೊಮ್ಮಗಳ ಕೊರಳಲ್ಲಿ ಶಿವದಾರ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ದಿನಾ ಪೂಜೆಗೆ ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗಲೂ ದಾರ ಕೊರಳಲ್ಲೇ ಇರುತ್ತದೆ. ಅಂಥ ದಾರ ಕೊರಳಿನಿಂದ ಕಳಚಿದ್ದನ್ನು ಕಸ್ತೂರಮ್ಮ ಒಮ್ಮೆ ನೋಡಿದ್ದಳು. ಮಗಳು ಪ್ರೇಮ, ಅಂದರೆ ಈ ಹುಡುಗಿಯ ತಾಯಿ, ಬಾಣಂತಿತನದಲ್ಲೇ ತೀರಿಕೊಂಡಾಗ. ಕುಣಿಯಲ್ಲಿ ಕೂರಿಸಿ, ದಾರ ತೆಗೆದು, ಲಿಂಗವನ್ನು ಅವಳ ಎಡಗೈಯಲ್ಲಿಟ್ಟು ಬೆರಳು ಮಡಚಿದ್ದರು. ಬೆರಳು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು, ಕೊನೆಗೆ ಕಸ್ತೂರಮ್ಮನೇ ಮಡಚಿ ಹಿಡಿದಿದ್ದಳು. ಆಮೇಲೆ ವಿಭೂತಿ, ಆಮೇಲೆ ಮಣ್ಣು.

ಹೊನ್ನಾಳಿಯಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಕ್ಲಬ್ಬು ಕಟ್ಟಿದವನು ಸೈಕಲ್ ಶಾಪಿನ ಬೆನಕಪ್ಪ. ಅವನು ಅಲ್ಲಿ ಸೀಟಿ ಊದಿದರೆ ನ್ಯಾಮತಿಯಲ್ಲಿ ಮೇಯುತ್ತಿದ್ದ ಎಮ್ಮೆಗಳು ಗಕ್ಕನೆ ನಿಲ್ಲುತ್ತಿದ್ದವೆಂದು ಹೇಳುತ್ತಾರೆ. ಚೆಂಡಿನ ಬ್ಲಾಡರು ತೂತಾದರೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ನೀರಿನ ಬಾಣಲಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಸವಳಂಗದಿಂದಲೂ ಜಗಳೂರಿನಿಂದಲೂ ಹುಡುಗಿಯರನ್ನು ಕರೆತಂದು ಆಡಿಸುತ್ತಿದ್ದ.

ಆ ವರ್ಷ, ಎಪ್ಪತ್ತೊಂಬತ್ತರಲ್ಲಿ, ಕ್ಲಬ್ಬು ಗೆಲ್ಲುತ್ತಾ ಗೆಲ್ಲುತ್ತಾ ಕೊನೆಯ ಆಟಕ್ಕೆ ಬಂದುಬಿಟ್ಟಿತು. ಎದುರಿಗೆ ಯೂನಿವರ್ಸಿಟಿ ತಂಡ. ಆಟ ಚನ್ನಗಿರಿಯಲ್ಲಿ. ಗೆದ್ದವರು ರೈಲು ಹತ್ತಿ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಹೋಗುವುದು, ಸೋತವರು ಮನೆಗೆ.

ರೈಲು ಅನ್ನುವ ಮಾತು ಕೇಳಿದ ಮೇಲೆ ಕಸ್ತೂರಮ್ಮನ ಎದೆಯಲ್ಲಿ ಕಲ್ಲು ಕೂತಿತು. ಎಲ್ಲಿಯ ಊರೋ, ಎಂಥ ಜನವೋ. ಒಂದು ಸಲ ನೋಡಿ, ಸಾಕು ಮಾಡಿಸಿ, ಕೈ ಹಿಡಿದು ಮನೆಗೆ ಕರೆತರುವುದೆಂದು ನಿರ್ಧಾರ ಮಾಡಿ ಚನ್ನಗಿರಿಯ ಬಸ್ ಹತ್ತಿದಳು. ಯಾರಿಗೂ ಹೇಳಲಿಲ್ಲ.

ಮೈದಾನದ ಅಂಚಿನಲ್ಲಿ ಸೆರಗು ಹೊದ್ದು ನಿಂತವಳ ಹತ್ತಿರಕ್ಕೆ ಬೆನಕಪ್ಪನೇ ಓಡಿ ಬಂದ. ಮುಖ ಬಿಳಿಚಿಕೊಂಡಿತ್ತು.

"ಅಮ್ಮಾರೆ, ದೇವರು ಕಳಿಸಿದಂಗೆ ಬಂದ್ರಿ. ರೆಫ್ರಿ ಬಿಡವಲ್ಲ. ಕೊಳ್ಳಾಗೆ ಬೆಳ್ಳಿ ಇಟ್ಕೊಂಡು ಆಡಂಗಿಲ್ಲ, ಬೇರೆಯವರಿಗೆ ಬಡಿದ್ರೆ ಗತಿ ಏನು ಅಂತಾನೆ. ನಮ್ಮ ಕಡೆ ಯಾವ ಆಟದಾಗೂ ಯಾರೂ ಕೇಳಿರಲಿಲ್ಲ. ನಿಮ್ಮ ಮೊಮ್ಮಗಳು ನೋಡಿದ್ರೆ, ಆಡದಿದ್ರೂ ಪರವಾಗಿಲ್ಲ ಬಿಚ್ಚಲ್ಲ ಅಂತ ಕುಂತೈತೆ."

ಸರ್ವಮಂಗಳಾ ಗೋಲಿನ ಕಂಬಕ್ಕೆ ಒರಗಿ ಕೂತಿದ್ದಳು. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಪಕ್ಕದಲ್ಲಿ ತಂಡದ ಗೋಲಿ, ಅಂದರೆ ಗೋಲ್‌ಕೀಪರ್, ಉಚ್ಚಂಗೆಮ್ಮ, ಜಗಳೂರಿನ ಹುಡುಗಿ.

"ನೋಡಿ ಅಜ್ಜಿ," ಎಂದಳು ಉಚ್ಚಂಗೆಮ್ಮ. "ನಾನು ಕಟ್ಕೊಂಡಿದ್ದ ತಾಯಿತ ಬಿಚ್ಚಿ ನಮ್ಮವ್ವನ ಕೈಗೆ ಕೊಟ್ಟು ಬಂದೀನಿ. ಇವಳದ್ದು ನೀವು ಹಿಡ್ಕೊಂಡು ಕುಂತ್ರೆ ಆಗಲ್ಲೇನು?"

"ಆಗಲ್ಲ ಕಣೇ," ಎಂದಳು ಸರ್ವಮಂಗಳಾ. "ಬಾ ಅಜ್ಜಿ, ಮನಿಗೆ ಹೋಗಾನ."

ಕರೆದೊಯ್ಯಲು ಬಂದವಳಿಗೆ ಕೆಲಸ ತಾನಾಗಿ ಆದಂತಾಯಿತು. ಕಸ್ತೂರಮ್ಮ ಕೈ ಚಾಚಿದಳು. ಹುಡುಗಿ ಆ ಕೈ ಹಿಡಿದು ಎದ್ದಳು. ಎದ್ದವಳ ಕಣ್ಣು ಮಾತ್ರ ಮೈದಾನದ ನಡುವೆ ಇಟ್ಟಿದ್ದ ಚೆಂಡಿನ ಮೇಲೇ ಇತ್ತು. ಆ ನೋಟ ಅಜ್ಜಿಗೆ ಗೊತ್ತು. ಪ್ರೇಮ ಹಸುಗೂಸನ್ನು ಕೊನೆಯ ಸಲ ನೋಡಿದ್ದು ಹಾಗೆಯೇ.

ಕಸ್ತೂರಮ್ಮ ಬೆನಕಪ್ಪನ ಕಡೆ ತಿರುಗಿದಳು.

"ಬೆನಕಪ್ಪಾ, ಈ ಆಟದಾಗೆ ಚೆಂಡು ಎಲ್ಲೆಲ್ಲಿ ತಾಗಬಹುದು?"

"ಕಾಲು, ಎದಿ, ತಲಿ, ಎಲ್ಲಾ ಕಡೆ ತಾಗಬಹುದು ಅಮ್ಮಾರೆ. ಕೈಗೆ ಮಾತ್ರ ತಾಗಂಗಿಲ್ಲ. ಗೋಲಿ ಬಿಟ್ಟು ಯಾರೂ ಕೈ ಮುಟ್ಟಿಸಂಗಿಲ್ಲ."

"ತೋಳೂ?"

"ತೋಳೂ ಕೈನೇ ಅಲ್ಲೇನ್ರಿ."

"ಹಂಗಾದ್ರೆ ತೋಳಿಗೆ ಕಟ್ತೀನಿ."

ಮುಟ್ಟಬಾರದು ಅಂದರೆ ಮುಟ್ಟುವುದಿಲ್ಲ. ಕಸ್ತೂರಮ್ಮನ ಮನೆಯಲ್ಲಿ ಮಡಿಯ ಕೊಡವನ್ನು ಮುಟ್ಟಬಾರದೆಂದರೆ ಬೆಕ್ಕು ಕೂಡ ಸುತ್ತಿ ಬಳಸಿ ಹೋಗುತ್ತಿತ್ತು. ಅವಳು ಸೆರಗಿನ ಹಸಿರು ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಕರಡಿಗೆ ತೆರೆದು ಲಿಂಗವನ್ನು ಮೊಮ್ಮಗಳ ಎಡ ಅಂಗೈಗೆ ಇಳಿಸಿದಳು. ಅಂಗೈಯಿಂದ ಮೈಗೆ ಒತ್ತಿಕೊಂಡೇ ಮೇಲೆ ಸರಿಸಿ, ತೋಳಿಗೆ ತಂದು, ಬಟ್ಟೆ ಸುತ್ತಿ ಬಿಗಿದಳು. ಒಂದು ಕ್ಷಣವೂ ಮೈ ಬಿಡಲಿಲ್ಲ. ಆಮೇಲೆ ಕೊರಳಿನ ದಾರ ತೆಗೆಯಬೇಕಾಯಿತು. ದಾರವನ್ನೂ ಖಾಲಿ ಕರಡಿಗೆಯನ್ನೂ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

"ಅಜ್ಜಿ..."

"ಸುಮ್ನಿರು. ಹೋಗು."

ರೆಫ್ರಿ ಬಟ್ಟೆಯ ಗಂಟು ಮುಟ್ಟಿ ನೋಡಿ ತಲೆಯಾಡಿಸಿದ.

ಆ ದಿನದ ಆಟದ ಧೂಳು ಚನ್ನಗಿರಿಯ ಕೋಟೆ ಹತ್ತಿ ಇಳಿಯಿತೆಂದರೆ ನಂಬಬೇಕು. ಯೂನಿವರ್ಸಿಟಿ ಹುಡುಗಿಯರು ಕುದುರೆಗಳ ಹಾಗೆ ಓಡಿದರು. ಉಚ್ಚಂಗೆಮ್ಮ ಗಾಳಿಯಲ್ಲೇ ಮಲಗಿ ಗಾಳಿಯಲ್ಲೇ ಮಗ್ಗುಲಾದಳು. ಎರಡೂ ಕಡೆ ಗೋಲಾಗದೆ ಆಟ ಮುಗಿಯುತ್ತಾ ಬಂತು. ಕಸ್ತೂರಮ್ಮನಿಗೆ ಚೆಂಡು ಕಾಣುತ್ತಲೇ ಇರಲಿಲ್ಲ. ಕಾಣುತ್ತಿದ್ದುದು ತನ್ನ ಸೆರಗಿನ ಆ ಹಸಿರು ಅಂಚೊಂದೇ.

ಕೊನೆಗೆ ಉಚ್ಚಂಗೆಮ್ಮ ಮುಂದೆ ನುಗ್ಗಿ ಬಿದ್ದಾಗ ಗೋಲು ಬರಿದಾಯಿತು. ಗೆರೆಯ ಮೇಲೆ ಉಳಿದವಳು ಸರ್ವಮಂಗಳಾ ಒಬ್ಬಳೇ. ಎದುರಿನವಳು ಬೀಸಿ ಒದ್ದಳು. ಎದೆ ಕೊಟ್ಟಿದ್ದರೆ ಚೆಂಡು ಹೊರಗೆ ಹೋಗುತ್ತಿತ್ತು. ಅದು ಎಡಗಡೆಗೆ ಬರುವುದನ್ನು ಕಂಡವಳೇ ಹುಡುಗಿ ಬಲಗೈಯನ್ನು ಎಡತೋಳಿನ ಮೇಲೆ ಒತ್ತಿ ಮುಚ್ಚಿದಳು. ಮಗುವಿನ ಕಣ್ಣಿಗೆ ಬಿಸಿಲು ಬಿದ್ದರೆ ತಾಯಿ ಮುಚ್ಚುವ ಹಾಗೆ. ಚೆಂಡು ಆ ಬಲಗೈಗೆ ಬಡಿಯಿತು.

ಸೀಟಿ. ಪೆನಾಲ್ಟಿ. ಉಚ್ಚಂಗೆಮ್ಮ ಬಲಕ್ಕೆ ಹಾರಿದಳು, ಚೆಂಡು ಎಡಕ್ಕೆ ಹೋಯಿತು.

ಯೂನಿವರ್ಸಿಟಿ ತಂಡ ಕುಣಿಯಿತು. ಹೊನ್ನಾಳಿಯ ಹುಡುಗಿಯರು ಅಲ್ಲಲ್ಲೇ ಕೂತರು. ಯಾರೂ ಸರ್ವಮಂಗಳಾಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಅಜ್ಜಿಗೆ ಅನ್ನಿಸಿತು. ಬೆನಕಪ್ಪ ಚೆಂಡಿನ ಗಾಳಿ ಬಿಡುತ್ತಾ ಬೆನ್ನು ತಿರುಗಿಸಿ ನಿಂತಿದ್ದ.

ಉಚ್ಚಂಗೆಮ್ಮ ಮೊಣಕೈಯ ರಕ್ತ ಒರೆಸಿಕೊಳ್ಳುತ್ತಾ ಬಂದಳು. "ಲೇ, ನಾನು ಮುಂದಕ್ಕೆ ಓಡಬಾರದಿತ್ತು. ರೈಲು ಎಲ್ಲಿಗೂ ಹೋಗಲ್ಲ, ಮುಂದಿನ ವರ್ಷಾನೂ ಬರ್ತೈತೆ. ಏಳೇ."

ಹುಡುಗಿ ಏಳಲಿಲ್ಲ. ತೋಳನ್ನು ಹಿಡಿದೇ ಇದ್ದಳು.

ಸಂಜೆಯ ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳು ಪಕ್ಕಪಕ್ಕ ಕೂತರು. ಬಸ್ಸು ಸೂಳೆಕೆರೆಯ ಏರಿ ಹತ್ತಿತು.

"ನಿನಗೆ ಕೊಟ್ಟ ಮಾತು ಉಳಿಸಿದೆ ಅಜ್ಜಿ," ಎಂದಳು ಸರ್ವಮಂಗಳಾ. "ಆದ್ರೆ ಅವರೆಲ್ಲರನ್ನೂ ಮುಳುಗಿಸಿದೆ. ಇನ್ನು ಆಡಾಕೆ ಹೋಗಲ್ಲ."

ಕಸ್ತೂರಮ್ಮನಿಗೆ ಕೇಳಬೇಕಾಗಿದ್ದ ಮಾತು ಅದೇ. ಅದಕ್ಕೇ ಬಸ್ ಹತ್ತಿ ಬಂದಿದ್ದಳು. ಈಗ ಅದು ಕಿವಿಗೆ ಬಿದ್ದಾಗ, ಪ್ರೇಮಳ ಕುಣಿಗೆ ಹಾಕಿದ ಮಣ್ಣು ಇನ್ನೊಂದು ಸಲ ಬಿದ್ದ ಸದ್ದಾಯಿತು.

"ಮುಚ್ಚಿಕೊಂಡೆ ಯಾಕೆ?"

"ಅದಕ್ಕೆ ಪೆಟ್ಟಾದ್ರೆ?"

"ನಿಮ್ಮವ್ವನ ಬೆರಳು ಲಿಂಗ ಹಿಡ್ಕೊಳ್ಳಲಿಲ್ಲ, ಹೆದರಿ ನಾನು ಮಡಚಿದೆ. ನಾನು ಮಡಚಿದ್ದು ಅವತ್ತಿಗೇ ಮುಗೀಬೇಕಿತ್ತು. ನಿನ್ನ ತೋಳಿಗೂ ಆ ಹೆದರಿಕೇನೇ ಕಟ್ಟಿದೆ ನೋಡು." ಅಜ್ಜಿ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. "ಲಿಂಗ ನಿನ್ನ ಕಾಯ್ತದೆ. ನೀನು ಗೋಲು ಕಾಯಿ."

ಹುಡುಗಿ ಅಜ್ಜಿಯ ಮಡಿಲಲ್ಲಿದ್ದ ಬೆಳ್ಳಿಯ ಕರಡಿಗೆಗೆ ಕೈ ಚಾಚಿದಳು, ಮತ್ತೆ ಕೊರಳಿಗೆ ಹಾಕಿಕೊಳ್ಳಲು. ಕಸ್ತೂರಮ್ಮ ಅದನ್ನು ತನ್ನ ಎಲೆಅಡಿಕೆ ಚೀಲದ ತಳಕ್ಕೆ ಇಟ್ಟು ಬಾಯಿ ಬಿಗಿದಳು.

"ಇದು ನನ್ನ ಹತ್ರ ಇರಲಿ. ನಿಂಗೆ ಲಿಂಗ ಬಟ್ಟೆಯಾಗೇ ಇರಲಿ, ಮುಂದಿನ ವರ್ಷಾನೂ ರೆಫ್ರಿ ಬೆಳ್ಳಿ ಬಿಡಂಗಿಲ್ಲ. ಆ ಗಂಟು ಸಡಿಲಾಗೈತೆ, ಬಾ ಇಲ್ಲಿ."

ಬಸ್ಸು ಏರಿಯ ಮೇಲೆ ಕುಲುಕುತ್ತಾ ಹೋಗುತ್ತಿತ್ತು. ಅಜ್ಜಿ ಮೊಮ್ಮಗಳ ತೋಳನ್ನು ತೊಡೆಯ ಮೇಲೆ ಎಳೆದುಕೊಂಡು, ಗಂಟನ್ನು ಬಿಚ್ಚದೆ, ಅದರ ಮೇಲೆಯೇ ಇನ್ನೊಂದು ಗಂಟು ಹಾಕಿದಳು.