ಇಸ್ತ್ರಿಪೆಟ್ಟಿಗೆಯ ಪಕ್ಕದ ಬಾಟಲಿ

ಇಪ್ಪತ್ತು ವರ್ಷ ಕತ್ತಲಲ್ಲೂ ದಾರ ಪೋಣಿಸುತ್ತಿದ್ದ ದರ್ಜಿಗೆ ಆ ಬೆಳಿಗ್ಗೆ ಒಂದು ಸೂಜಿ ಎರಡಾಗಿ ಕಂಡಿತು.

"ಎರಡು ಸೂಜಿ ಕೊಟ್ಟಿದೀಯೇನೇ?" ಎಂದ. ತಮಾಷೆಯೆಂದು ಹೆಂಡತಿ ನಕ್ಕಳು.

ಮಧ್ಯಾಹ್ನ ಅಂಗಡಿಯಿಂದ ಮರಳಿದಾಗ ರೆಪ್ಪೆಗಳು ಜೋತಿದ್ದವು, ಮಾತು ಮೂಗಿನಿಂದ ಬರುತ್ತಿತ್ತು. ನೀರು ಕೊಟ್ಟರೆ ಅದೂ ಮೂಗಿಗೇ ಬಂತು.

"ಅಣ್ಣ ಹಗಲಲ್ಲೇ ಏರಿಸ್ಕೊಂಡಿದಾನೆ ಅತ್ತಿಗೆ. ಮಲಗಿಸಿ, ಇಳಿಯುತ್ತೆ," ಎಂದ ಮೈದುನ.

"ಎಲ್ಲರೂ ನಿನ್ನ ಹಾಗೇನಾ? ಗಾಡಿ ತೆಗಿ ಮೊದ್ಲು!"

ಆಸ್ಪತ್ರೆಯಲ್ಲಿ ನೋಡಿದ ಮೊದಲ ಡಾಕ್ಟರು, ಜ್ವರವಿಲ್ಲ, ಬಿಪಿ ಸರಿಯಿದೆ, ಬರೀ ಸುಸ್ತು ಎಂದರು. ಬೆಂಚು ತೋರಿಸಿದರು. ಅವಳಿಗೆ ಕೂರಲಾಗಲಿಲ್ಲ. ಬಾಗಿಲಿಂದ ಮಂಚಕ್ಕೆ, ಮಂಚದಿಂದ ಬಾಗಿಲಿಗೆ ನಡೆದಳು. ದೇವರ ಹೆಸರು ಹೇಳುತ್ತಲೇ ಹಾದಿಯಲ್ಲಿ ಸಿಕ್ಕ ಹಿರಿಯ ಡಾಕ್ಟರಮ್ಮನ ಸೆರಗು ಹಿಡಿದಳು.

"ಬೆಳಿಗ್ಗೆ ಕಣ್ಣು, ಮಧ್ಯಾಹ್ನ ಗಂಟಲು, ಈಗ ಕತ್ತು ನಿಲ್ತಿಲ್ಲ. ಮೇಲಿಂದ ಕೆಳಗೆ ಇಳೀತಾ ಇದೆ ಅಮ್ಮಾ. ಎದೆಗೆ ಬಂದ್ರೆ?"

ಡಾಕ್ಟರಮ್ಮ ನಿಂತರು. ರೆಪ್ಪೆಯೆತ್ತಿ ನೋಡಿದರು. "ಲಕ್ವ ಆಗಿದ್ರೆ ಒಂದು ಕಡೆ ಬೀಳ್ಬೇಕಿತ್ತು. ಇದು ಎರಡೂ ಕಡೆ ಒಂದೇ ಸಮ. ಇವರೊಬ್ಬರೇ ತಿಂದದ್ದು ಏನಾದ್ರೂ ಇದೆಯಾ?"

"ಎಲ್ಲರಿಗೂ ಒಂದೇ ಪಾತ್ರೆ ಊಟ..."

ದರ್ಜಿಯ ಬುದ್ಧಿ ಮಾತ್ರ ಚುರುಕಾಗಿತ್ತು. ನಾಲಿಗೆ ಏಳದೆ, ಅಂಗೈಯನ್ನು ಹಾಸಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದ. ಇಸ್ತ್ರಿ! ಅವಳು ಓಡಿದಳು.

ಅಂಗಡಿಯ ಮೇಜಿನ ಮೇಲೆ, ಇಸ್ತ್ರಿಪೆಟ್ಟಿಗೆಗೆ ಒರಗಿಕೊಂಡಂತೆ, ಎಣ್ಣೆಯಲ್ಲಿ ಮುಳುಗಿಸಿದ ಬೆಳ್ಳುಳ್ಳಿಯ ಬಾಟಲಿಯಿತ್ತು. ಅವಳೇ ಮಾಡಿ ಕೊಟ್ಟದ್ದು. ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆಂದು ಅವನು ಅದನ್ನು ವಾರದಿಂದ ಅಲ್ಲಿ ಬೆಚ್ಚಗಿಟ್ಟುಕೊಂಡು, ರೊಟ್ಟಿಗೆ ಹಚ್ಚಿ ತಿನ್ನುತ್ತಿದ್ದ. ಮುಚ್ಚಳ ಉಬ್ಬಿ ನಿಂತಿತ್ತು.

ಚರಂಡಿ ಎರಡೇ ಹೆಜ್ಜೆ ದೂರವಿತ್ತು. ಎಸೆದರೆ ಯಾರ ಕೈ ಮಾಡಿದ್ದೆಂದು ಯಾರಿಗೂ ತಿಳಿಯದು. ಮನಸ್ಸು ಒಮ್ಮೆ ಅತ್ತ ಹೊರಳಿತು. 'ಭಗವಂತಾ, ನನ್ನ ಮಾನ ಹೋಗ್ಲಿ, ಅವರ ಉಸಿರು ಇರ್ಲಿ' ಎಂದು ಬಾಟಲಿಯನ್ನು ಬಟ್ಟೆಯ ತುಂಡಿನಲ್ಲಿ ಸುತ್ತಿ ಮತ್ತೆ ಓಡಿದಳು.

"ನಾನೇ ಮಾಡಿದ್ದು," ಎಂದು ಡಾಕ್ಟರಮ್ಮನ ಮುಂದಿಟ್ಟಳು.

"ತಂದಿದ್ದು ಒಳ್ಳೇದಾಯ್ತು. ಬೊಟುಲಿಸಂ ಅಂತಾರೆ ಇದಕ್ಕೆ, ಗಾಳಿಯಾಡದ ಎಣ್ಣೆಯೊಳಗೆ ಬೆಚ್ಚಗಿಟ್ರೆ ಬೆಳೆಯೋ ವಿಷ. ಬಹಳ ಅಪರೂಪ, ನಾನೂ ಪುಸ್ತಕದಲ್ಲಷ್ಟೇ ಓದಿದ್ದು. ಪರೀಕ್ಷೆಗೆ ಕಾಯಲ್ಲ, ಪ್ರತಿವಿಷ ತರಿಸ್ತೀನಿ. ಈಗಾಗಲೇ ಬಿದ್ದ ಶಕ್ತಿ ನಿಧಾನ ಬರುತ್ತೆ. ಇನ್ನೂ ಬೀಳೋದಂತೂ ನಿಲ್ಲುತ್ತೆ."

ಅದು ಬರುವಷ್ಟರಲ್ಲಿ ಉಸಿರು ಯಂತ್ರದ ಪಾಲಾಗಿತ್ತು. ಅವನ ಮುಚ್ಚಿದ ಕಣ್ಣುಗಳ ಮುಂದೆ ಅವಳು ದಿನವೂ ತಪ್ಪೊಪ್ಪಿಕೊಂಡಳು. ಅವನು ಎಲ್ಲವನ್ನೂ ಕೇಳುತ್ತಿದ್ದನೆಂದು ಅವಳಿಗೆ ತಿಳಿದದ್ದು ಇಪ್ಪತ್ತೆರಡನೆಯ ದಿನ, ಕೊಳವೆ ತೆಗೆದ ಮೇಲೆ.

"ಸಾಕು ಮಾರಾಯ್ತಿ," ಎಂದ ದರ್ಜಿ, ಒಡೆದ ಗಂಟಲಲ್ಲಿ. "ಮಾಡಿದ್ದು ನೀನು. ಬೆಚ್ಚಗಿಟ್ಟು ಸಾಕಿದ್ದು ನಾನು."

ಇಪ್ಪತ್ತೆರಡು ದಿನಗಳಲ್ಲಿ ಮೊದಲ ಬಾರಿಗೆ ಅವಳು ಬೆಂಚಿನ ಮೇಲೆ ಕೂತಳು.