ಪನ್ನೀರಿನ ಬಾಟಲಿ

ಹಾಫ್‌ಮನ್ ಎಸ್ಟೇಟ್ಸ್ ಎಂಬ ಊರಿನ ಅಂಬುಜಾಳಿಗೆ ಆ ಭಾನುವಾರ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಅಂಥ ಸಿಟ್ಟು ಮನೆಗೊಂದು ಇರಲಿ.

ಅದು ರಿಸೆಷನ್ನಿನ ಕಾಲ, 2010. ಅವಳ ಗಂಡ ಬದರೀನಾಥ ಎಂಜಿನಿಯರ್. ಹತ್ತಿರದ ಊರು ಇಟಾಸ್ಕಾದ ಆಫೀಸಿನಲ್ಲಿದ್ದ ಕೆಲಸ ಹೋಗಿತ್ತು. ಮನೆಯಲ್ಲಿ ಕೂತು ಕಂಡಕಂಡಲ್ಲಿಗೆ ಅಪ್ಲೈ ಮಾಡುತ್ತ, ನಡುನಡುವೆ ಗರಾಜಿಗೆ ಹೋಗಿ ಸಿಗರೇಟು ಸೇದುತ್ತಿದ್ದ. ಸಿಗರೇಟು ದುಬಾರಿಯೆಂದು ಎಲೆಕ್ಟ್ರಾನಿಕ್ ಸಿಗರೇಟು ಹಿಡಿದ. ಅದಕ್ಕೆ ತುಂಬುವ ಲಿಕ್ವಿಡ್ಡನ್ನು ಮನೆಯಲ್ಲೇ ಬೆರೆಸಿಕೊಂಡರೆ ಇನ್ನೂ ಅಗ್ಗ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಹೇಳಿಕೊಟ್ಟ. ಸರಿ, ಅಂಚೆಯಲ್ಲಿ ಗ್ಲಿಸರಿನ್ ಬಂತು, ಫ್ಲೇವರುಗಳು ಬಂದವು, ನೀರು ಬೆರೆಸದ ಸ್ಟ್ರಾಂಗ್ ನಿಕೋಟಿನ್ ಒಂದು ಬಾಟಲಿ ತುಂಬ ಬಂತು.

"ಅಡುಗೆಮನೇಲಿ ಬೇಡ ರೀ" ಎಂದಳು ಅಂಬುಜಾ.

"ಸಾರಿಗೆ ಪುಡಿ ಹಾಕಿದಷ್ಟೇ ಕಣೇ ಇದು. ಸುಮ್ನೆ ತಲೆ ತಿನ್ಬೇಡ."

ಮೊದಲೇ ಕೆಲಸ ಕಳೆದುಕೊಂಡು ಕೊರಗುತ್ತಿರುವವನ ಜೊತೆ ಜಗಳ ಯಾಕೆ ಎಂದು ಅವಳು ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಳ್ಳಬಾರದಿತ್ತು.

ಆ ಭಾನುವಾರ ಮಗಳು ಮಾನ್ಯಾಳ ಹುಟ್ಟುಹಬ್ಬ. ನಾಲ್ಕು ತುಂಬಿತ್ತು. ಅದೇ ಬಡಾವಣೆಯ ಷಹನಾಜ್ ಗುಲಾಬ್ ಜಾಮೂನಿಗೆ ಕೈಜೋಡಿಸಲು ಬಂದಿದ್ದಳು. ಅವಳು ಹುಬ್ಬಳ್ಳಿಯವಳು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಪಾಕ ಆರಿತ್ತು. ಅಂಬುಜಾ ಫ್ರಿಜ್ಜಿನ ಬಾಗಿಲಲ್ಲಿದ್ದ ಪನ್ನೀರಿನ ಬಾಟಲಿ ತೆಗೆದು ಒಂದು ಮುಚ್ಚಳ ಸುರಿದಳು. ಸೌಟಿನಲ್ಲಿ ತಿರುವಿ, ಒಂದು ಜಾಮೂನನ್ನು ಮಗಳ ಬಟ್ಟಲಿಗೆ ಹಾಕಿಯೂ ಕೊಟ್ಟಳು.

ಷಹನಾಜ್ ಬಾಟಲಿಗೆ ಮುಚ್ಚಳ ಹಾಕುವ ಮುಂಚೆ ಅಭ್ಯಾಸಬಲದಿಂದ ಮೂಸಿದಳು.

"ಇದೆಂಥಾ ಪನ್ನೀರ್ರೀ ಅಂಬುಜಾ? ಗುಲಾಬಿ ವಾಸನಿನೇ ಇಲ್ಲಲ್ಲ."

"ಹಳೇದಾಗಿರ್ಬೇಕು ಬಿಡಿ."

"ಹಳೇದಾದ್ರೂ ನೀರಿನಂಗ ಇರಬೇಕಲ್ರೀ. ಇದು ಎಣ್ಣಿಯಂಗ ಜಾರ್ತದ." ಹಾಗೆನ್ನುತ್ತಿದ್ದವಳಿಗೆ ಏನು ಹೊಳೆಯಿತೋ, ತಿರುಗಿ ನೋಡಿದರೆ ಮಾನ್ಯಾಳ ಚಮಚ ತುಟಿಯ ಹತ್ತಿರವಿತ್ತು. "ತಿನ್ಬ್ಯಾಡವ್ವಾ!" ಎಂದು ಕಿರುಚಿ ಚಮಚ ಕಿತ್ತುಕೊಂಡಳು.

"ಬಟ್ ಇಟ್ಸ್ ಮೈ ಬರ್ತ್‌ಡೇ!" ಎಂದು ಮಗು ಬಿಕ್ಕಿ ಬಿಕ್ಕಿ ಅತ್ತಿತು.

ಅಳು ಕೇಳಿ ಬದರೀನಾಥ ಬಂದ. ಷಹನಾಜಳ ಕೈಯಲ್ಲಿದ್ದ ಬಾಟಲಿ ಕಂಡದ್ದೇ ಮುಖ ಬಿಳಿಚಿಕೊಂಡಿತು. "ಅದು... ನನ್ನ ನಿಕೋಟಿನ್."

ಷಹನಾಜ್ ಮೊದಲು ಎಲ್ಲರ ಕೈಯನ್ನೂ ಸೋಪು ಹಾಕಿ ತೊಳೆಸಿದಳು. ಮಗುವಿನ ಬಾಯಿ ತೆರೆಸಿ ನೋಡಿ, ವಿಷ ತಾಗಿದಾಗ ಸಲಹೆ ಕೊಡುವ ಪಾಯ್ಸನ್ ಕಂಟ್ರೋಲಿಗೆ ಫೋನ್ ಮಾಡಿದಳು. ಮಗು ಏನೂ ತಿಂದಿರಲಿಲ್ಲ. ಅದು ಖಾತ್ರಿಯಾದ ಮೇಲೆ ಅಂಬುಜಾಳ ಸಿಟ್ಟು ನೆತ್ತಿಗೇರಿತು.

"ವಿಷಾನ ಪನ್ನೀರಿನ ಬಾಟಲಿಗೆ ಯಾಕೆ ಹಾಕಿದ್ರಿ?"

"ಅದರ ಸ್ವಂತ ಬಾಟಲಿ ಮುಚ್ಚಳ ಒತ್ತಿ ಒತ್ತಿ ತಿರುಗಿಸ್ಬೇಕು. ದಿನಾ ರೇಜಿಗೆ. ಖಾಲಿ ಬಾಟಲಿಗಳ್ನೆಲ್ಲ ನೀನೇ ತೊಳೆದಿಡ್ತೀಯಲ್ಲ, ಒಳ್ಳೆ ಬಾಟಲಿ, ಎಸೀಬೇಡಿ ಅಂತ... ಅದಕ್ಕೆ ಹಾಕಿ, ಕೆಡದಿರ್ಲಿ ಅಂತ ಫ್ರಿಜ್ಜಲ್ಲಿಟ್ಟೆ."

"ಮಗೂಗೆ ರೇಜಿಗೆ ಆಗ್ಲಿ ಅಂತಲೇ ಆ ಮುಚ್ಚಳ ಮಾಡಿರೋದು! ನಿಮ್ಮ ಅನುಕೂಲಕ್ಕಲ್ಲ!"

ಅವನಿಗೆ ಇನ್ನೂ ಬುದ್ಧಿ ಬಂದಿರಲಿಲ್ಲ. "ಒಂದು ಮುಚ್ಚಳ ತಾನೆ? ನಾನು ದಿನಾ ಎಳೀತೀನಿ. ನಂಗೇನಾಗಿದೆ?" ಎಂದ.

"ನೀವು ಎಳ್ಯೂದು ತೆಳ್ಳಗ ಮಾಡಿದ್ದು ಬದರಿಯವ್ರ. ಇದು ಬೆರಸದೇ ಇರೋದು," ಎಂದಳು ಷಹನಾಜ್. "ಕೈಮ್ಯಾಗ ಬಿದ್ರೂ ಚರ್ಮದಾಗಿಂದ ಒಳಗ ಇಳೀತದ. ದೊಡ್ಡವ್ರಿಗೇ ತಲಿ ತಿರುಗಿ ವಾಂತಿ ಆಗ್ತದ. ಕೂಸಿಗಾದ್ರ ಫಿಟ್ಸ್ ಬಂದು ಉಸಿರು ನಿಂತು ಹೋಗಬಹುದು. ಗ್ಲೌಸ್ ಹಾಕ್ಕೋತೀರೇನು? ಅಳತಿ ಯಾತರಾಗ ಮಾಡ್ತೀರಿ?"

ಬದರೀನಾಥ ಸಿಂಕಿನ ಕಡೆ ನೋಡಿದ. ಅವನ ಕಣ್ಣು ಹೋದ ಕಡೆ ಅಂಬುಜಾಳ ಕಣ್ಣೂ ಹೋಯಿತು. ಸಿಂಕಿನ ಪಕ್ಕದಲ್ಲಿ ಮಾನ್ಯಾಳಿಗೆ ಕೆಮ್ಮಿನ ಔಷಧಿ ಕುಡಿಸುವ ಪುಟ್ಟ ಪ್ಲಾಸ್ಟಿಕ್ ಲೋಟವಿತ್ತು.

ಅವಳು ಕೂಗಾಡಲಿಲ್ಲ. ಆ ಲೋಟವನ್ನು ತಂದು ಅವನ ಮುಂದಿಟ್ಟಳು. "ನಾಳೆ ಕೆಮ್ಮು ಬಂದ್ರೆ ಇದರಲ್ಲೇ ಕುಡಿಸ್ಲಾ? ಹೇಳಿ, ಕುಡಿಸ್ಲಾ?"

ಆಗ ಅವನಿಗೆ ನಾಟಿತು. ಕುರ್ಚಿಯ ಮೇಲೆ ಕುಸಿದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಎದ್ದು, ಷಹನಾಜ್ ಕೊಟ್ಟ ಗ್ಲೌಸು ತೊಟ್ಟು, ಪಾಕದ ಪಾತ್ರೆಯನ್ನು ಜಾಮೂನುಗಳ ಸಮೇತ ಕಟ್ಟಿ ಎಸೆದ. ನಿಕೋಟಿನ್ನನ್ನು ಸಿಂಕಿಗೆ ಸುರಿಯಬೇಡಿ ಎಂದು ಷಹನಾಜ್ ತಡೆದಳು. ಅಪಾಯಕಾರಿ ಕಸ ತೆಗೆದುಕೊಳ್ಳುವ ಸೆಂಟರಿಗೆ ಮಾರನೆಯ ದಿನ ಅವನೇ ಡ್ರೈವ್ ಮಾಡಿ ಅದನ್ನು ಕೊಟ್ಟುಬಂದ. "ಇನ್ಮೇಲೆ ಈ ಮನೇಲಿ ಬೆರೆಸಲ್ಲ" ಎಂದ. ಚಟ ಬಿಡಲು ಡಾಕ್ಟರನ್ನೂ ಕಂಡ. ಹುಟ್ಟುಹಬ್ಬಕ್ಕೆ ಮಾನ್ಯಾ ತಿಂದದ್ದು ತುಪ್ಪ ಸಕ್ಕರೆ ಸವರಿದ ಬ್ರೆಡ್ಡು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಈ ಬೆರಕೆ ಶುರು ಮಾಡಲು ಹೊರಟಿದ್ದರೆ ಇಂದೇ ತಡೆದು ಕೂರಿಸಿ. ಬೆರೆಸದಿರುವುದೇ ಒಳ್ಳೆಯದು. ಕೇಳುವುದೇ ಇಲ್ಲವೆಂದರೆ ಅಡುಗೆಮನೆಯಿಂದ ಆಚೆಗೆ ಅಟ್ಟಿ. ಗ್ಲೌಸಿಲ್ಲದೆ ಮುಟ್ಟಕೂಡದು, ಕಣ್ಣಂದಾಜು ಕೂಡದು, ಅಡುಗೆಯ ಅಥವಾ ಔಷಧಿಯ ಚಮಚ ಲೋಟ ತಾಗಿಸಕೂಡದು. ನಿಕೋಟಿನ್ ಅದು ಬಂದ ಬಾಟಲಿಯಲ್ಲೇ, ಬಂದ ಮುಚ್ಚಳದಲ್ಲೇ, ಬೀಗದೊಳಗೆ ಇರಲಿ. ಮೈಮೇಲೆ ಚೆಲ್ಲಿದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ. ಮಗು ಬಾಯಿಗಿಟ್ಟಿತು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ಪಾಯ್ಸನ್ ಕಂಟ್ರೋಲಿಗೆ ಫೋನ್ ಮಾಡಿ: 1-800-222-1222. ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ, ಎಚ್ಚರ ತಪ್ಪಿದರೆ ಆಂಬುಲೆನ್ಸಿಗೆ 911.

ಈಗಲೇ ಎದ್ದು ನಿಮ್ಮ ಫ್ರಿಜ್ಜಿನ ಬಾಗಿಲು ತೆಗೆದು ನೋಡಿ. ಎಲ್ಲರ ಮನೆಗೂ ಷಹನಾಜ್ ಬರುವುದಿಲ್ಲ. ಮಕ್ಕಳು ಮೂಸಿ ನೋಡಿ ಕುಡಿಯುವುದಿಲ್ಲ.